ಹಳಿಯಿಲ್ಲದ ಗಾಡಿ

ಮನೆಯಿಂದ,
ಸೋಮವಾರ, ತಾರೀಖು ಹದಿನಾಲ್ಕು,
ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ.

ಪ್ರೀತಿಯ ಇವಳೇ,

ಹೇಗಿದ್ದೀಯ? "ನಾನು ಚೆನ್ನಾಗಿದ್ದೇನೆ, ನನ್ನ ಯೋಚನೆ ಬಿಡಿ" ಎಂದು ಮಾತ್ರ ಬರೆಯಬೇಡ. ಮೂರು ತಿಂಗಳಿಂದ ಕಾಗದದಲ್ಲೂ ಅದೇ, ಫೋನಿನಲ್ಲೂ ಅದೇ. ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ನಿದ್ದೆ ಬರುತ್ತಿದೆಯೇ, ಊಟ ಸೇರುತ್ತಿದೆಯೇ, ಬಿ.ಪಿ. ಮಾತ್ರೆ ಮರೆಯದೆ ನುಂಗುತ್ತಿದ್ದೀಯೇ, ಒಂದೊಂದಕ್ಕೂ ಬೇರೆ ಬೇರೆ ಉತ್ತರ ಕೊಡು. ಮಗಳು ಮನೆ ಬದಲಾಯಿಸುತ್ತಿದ್ದಾಳೆ, ಸಾಮಾನು ಜೋಡಿಸಿಕೊಟ್ಟು ಹದಿನೈದು ದಿನದಲ್ಲಿ ಬಂದುಬಿಡುತ್ತೇನೆ ಎಂದು ಹೋದವಳು ನೀನು. ಸಾಮಾನು ಜೋಡಿಸಿದ್ದಾಯಿತು. ಆಮೇಲೆ ಮಗಳಿಗೆ ಆಫೀಸಿನಲ್ಲಿ ಕೆಲಸ ಜಾಸ್ತಿ, ಆಮೇಲೆ ಅಳಿಯಂದಿರಿಗೆ ಜ್ವರ, ಆಮೇಲೆ ಇನ್ನೇನೋ. ಮುಖವನ್ನಾದರೂ ತೋರಿಸು ಎಂದು ವಿಡಿಯೊ ಕಾಲ್ ಮಾಡಿದರೆ ನಿನ್ನ ಹಣೆ ಮತ್ತು ತಲೆಯ ಮೇಲಿನ ಫ್ಯಾನು ಬಿಟ್ಟು ಬೇರೇನೂ ಕಾಣಿಸುವುದಿಲ್ಲ. ಫೋನ್ ಹಿಡಿಯುವುದಕ್ಕೆ ಬರುವುದಿಲ್ಲ ಎನ್ನುತ್ತೀಯ. ಇರಲಿ.

ನಾನೇ ಯಾಕೆ ಅಲ್ಲಿಗೆ ಬರುತ್ತಿಲ್ಲ ಎಂದು ಮೊದಮೊದಲು ನೀನೂ ಕೇಳುತ್ತಿದ್ದೆ. ಆಮೇಲೇಕೋ ಕೇಳುವುದನ್ನೇ ಬಿಟ್ಟೆ. ನಾನಂತೂ ನಿಜ ಹೇಳಿಬಿಡುತ್ತೇನೆ. ಮಂಡಿನೋವು ಬರೀ ನೆಪ. ನೋವಿಗಿಂತ ದೊಡ್ಡದು ನಮ್ಮ ಸ್ಟೇಷನ್ನಿನ ಮೇಲ್ಸೇತುವೆ. ನಲವತ್ತೆರಡು ಮೆಟ್ಟಿಲು. ಹತ್ತಲಾಗದವರಿಗೆ ಗಾಲಿಕುರ್ಚಿ ಇಟ್ಟಿದ್ದಾರೆ, ಕೂರಿಸಿ ಪ್ಲಾಟ್‌ಫಾರ್ಮಿನ ಕೊನೆಯವರೆಗೆ ದೂಡಿಕೊಂಡು ಹೋಗಿ ಹಳಿ ದಾಟಿಸುತ್ತಾರೆ. ಮೂವತ್ತಾರು ವರ್ಷ ಕೈಯಲ್ಲಿ ಡ್ಯೂಟಿ ಪೆಟ್ಟಿಗೆ ಹಿಡಿದು, ಎದೆ ಮುಂದೆ ಮಾಡಿಕೊಂಡು ಎಂಜಿನ್ನಿನ ಕಡೆ ನಡೆದ ಪ್ಲಾಟ್‌ಫಾರ್ಮು ಅದು. ಅದರ ಮೇಲೆ ಪಾರ್ಸೆಲಿನ ಹಾಗೆ ದೂಡಿಸಿಕೊಂಡು ಹೋಗುವುದು ನನ್ನಿಂದ ಆಗುವುದಿಲ್ಲ. ಟೀ ಅಂಗಡಿಯವನಿಂದ ಹಿಡಿದು ಸ್ಟೇಷನ್ ಮಾಸ್ಟರರವರೆಗೆ "ಡ್ರೈವರ್ ಸಾಹೇಬ್ರೇ" ಎಂದು ಕರೆದವರೆಲ್ಲ ನೋಡುತ್ತಾರೆ. ಅದಕ್ಕಿಂತ ನಿನ್ನನ್ನು ನೋಡದೆ ಇರುವುದೇ ವಾಸಿ ಎಂದು ಕೂತುಬಿಟ್ಟೆ. ಬರೆದ ಮೇಲೆ ಓದಿಕೊಂಡರೆ ಇದೆಂಥ ಪೆದ್ದು ಮಾತು ಎಂದು ನನಗೇ ಅನ್ನಿಸುತ್ತಿದೆ. ಆದರೂ ಹೊಡೆದು ಹಾಕುವುದಿಲ್ಲ.

ಈಗ ನನ್ನ ಕೋಪದ ವಿಷಯಕ್ಕೆ ಬರುತ್ತೇನೆ. ಹೋದ ವರ್ಷ ಆ ಆಟದ ಪಾರ್ಕಿನಲ್ಲಿ ಏನಾಯಿತೆಂದು ನಿನಗೆ ಗೊತ್ತಿದೆ, ನೀನೂ ಜೊತೆಗಿದ್ದೆ. ಬಾಗಿಲ ಹತ್ತಿರದ ಸಿಮೆಂಟ್ ಡೈನೋಸಾರಿನ ಕೆಳಗೆ ಬೆಂಚಿನ ಮೇಲೆ ನಾನು ಬೆಳಗಿನಿಂದ ಸಂಜೆಯವರೆಗೆ ಕೂತಿದ್ದೆ. ಬಾಯಿ ಮುಚ್ಚದ ನಮ್ಮ ಮೊಮ್ಮಗಳು ಪಿಟೀಲು ಒಂದೊಂದು ಆಟ ಮುಗಿದಾಗಲೂ ಅಷ್ಟು ದೂರದಿಂದ ಓಡಿ ಬಂದು ನನಗೆ ವರದಿ ಒಪ್ಪಿಸಿ ಮತ್ತೆ ಓಡಿ ಹೋಗುತ್ತಿದ್ದಳು. ಓಡಾಟದಲ್ಲೇ ದಿನ ಕಳೆದುಹೋಗಿ ಅವಳಿಗೆ ಸಿಕ್ಕಿದ್ದು ನಾಲ್ಕೇ ಆಟ. ಈ ವರ್ಷ ಮತ್ತೆ ಅಲ್ಲಿಗೆ ಹೋಗುವ ಮಾತು ಬಂದಾಗ, ಏಳು ತುಂಬಿದ ಅವಳು ಸೊಂಟದ ಮೇಲೆ ಕೈಯಿಟ್ಟು, "ತಾತ ಬೆಂಚ್ ಮೇಲೆ ಕೂರೋದಾದ್ರೆ ನಾನು ಬರಲ್ಲ, ಬರಲ್ಲ ಅಂದ್ರೆ ಬರಲ್ಲ" ಎಂದಳು. ಸರಿ, ನಾವು ಹೋಗುವುದೇ ಬೇಡ ಎಂದೆ ನಾನು. ಅಲ್ಲಿಗೆ ಮಾತು ಮುಗಿಯಬೇಕಿತ್ತು. ಆದರೆ ನಿನ್ನ ಮುದ್ದಿನ ಸೊಸೆ ಇದ್ದಾಳಲ್ಲ, ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಊರವರ ಕಣ್ಣು ಪರೀಕ್ಷೆ ಮಾಡುವ ಅವಳಿಗೆ ಮನೆಯಲ್ಲಿರುವ ಮಾವ ಮಾತ್ರ ಕಾಣಿಸುವುದಿಲ್ಲ. ನನ್ನನ್ನು ಒಂದು ಮಾತೂ ಕೇಳದೆ, ಫೋನಿನಲ್ಲೇ ಪಾರ್ಕಿನವರ ಬ್ಯಾಟರಿ ಸ್ಕೂಟರ್ ಒಂದನ್ನು ನನ್ನ ಹೆಸರಿಗೆ ಬಾಡಿಗೆಗೆ ಗೊತ್ತು ಮಾಡಿಬಿಟ್ಟಳು. ನಡೆಯಲಾಗದವರು ಕೂತು ಓಡಿಸುವ ಮೂರು ಚಕ್ರದ ಗಾಡಿ. ಅದರ ಫಾರಂ ನೋಡಿ ನನ್ನ ಪಿತ್ತ ನೆತ್ತಿಗೇರಿತು. "ರೋಗಿಯ ವಯಸ್ಸು", "ರೋಗಿಯ ತೂಕ", "ರೋಗಿಗೆ ಮಾತು ಅರ್ಥವಾಗುತ್ತದೆಯೇ". ತೂಕದ ಮುಂದೆ ನನಗಿರುವುದಕ್ಕಿಂತ ಆರು ಕೆ.ಜಿ. ಹೆಚ್ಚು ಬರೆದಿದ್ದಾಳೆ! ಮಾತು ಅರ್ಥವಾಗುತ್ತದೆ ಎಂಬುದಕ್ಕೆ ಮಾತ್ರ ಪುಣ್ಯಕ್ಕೆ ಹೌದು ಎಂದಿದ್ದಳು.

ಎರಡು ದಿನ ಅವಳ ಜೊತೆ ಮಾತು ಬಿಟ್ಟೆ. ಅವಳು ಅದನ್ನು ಗಮನಿಸಿದ ಹಾಗೂ ಕಾಣಲಿಲ್ಲ. ಕೊನೆಗೆ ಶನಿವಾರ ಬೆಳಿಗ್ಗೆ ಪಿಟೀಲು ನನ್ನ ಷೂಗಳನ್ನು ಒರೆಸಿ ತಂದು ಕಾಲ ಬುಡದಲ್ಲಿಟ್ಟಳು, ಒಂದೂ ಮಾತಾಡಲಿಲ್ಲ. ಅವಳು ಸುಮ್ಮನಿರುವುದನ್ನು ನೀನು ಎಂದಾದರೂ ಕಂಡಿದ್ದೀಯಾ? ಹೊರಟೆ. ಮಗನಿಗೆ ಶಿಫ್ಟ್ ಇತ್ತು, ಆದ್ದರಿಂದ ನಾವು ಮೂವರೇ.

ಬಾಡಿಗೆ ಕೌಂಟರಿನಲ್ಲಿ ಒಬ್ಬ ಹುಡುಗಿ ಕೂತಿದ್ದಳು. ನಾನು ಅವಳ ಎದುರಿಗೆ ನಿಂತಿದ್ದೇನೆ, ಸೊಸೆ ನನ್ನ ಹಿಂದೆ. ಆ ಹುಡುಗಿ ನನ್ನ ಹೆಗಲ ಮೇಲಿಂದ ಕತ್ತು ಎತ್ತಿ ಸೊಸೆಯನ್ನು ಕೇಳುತ್ತಾಳೆ, "ಇವ್ರಿಗೆ ಕೂರೋಕೆ ಆಗುತ್ತಾ? ಕಿವಿ ಕೇಳ್ಸುತ್ತಾ? ಮಧ್ಯೆ ಟಾಯ್ಲೆಟ್‌ಗೆ ಹೋಗ್ಬೇಕಾಗುತ್ತಾ?" ಮೈಯೆಲ್ಲ ಉರಿದುಹೋಯಿತು. ಸಾವಿರ ಜನರನ್ನು ಬೆನ್ನ ಹಿಂದೆ ಕಟ್ಟಿಕೊಂಡು ಮಂಜಿನಲ್ಲಿ, ಬಿರುಗಾಳಿಯಲ್ಲಿ ಗಾಡಿ ಓಡಿಸಿದವನಿಗೆ ಟಾಯ್ಲೆಟ್ಟಿನ ಪ್ರಶ್ನೆ, ಅದೂ ಇನ್ನೊಬ್ಬರ ಬಾಯಿಯಿಂದ ಉತ್ತರ! "ನನ್ನನ್ನ ಕೇಳಮ್ಮ" ಎಂದೆ. ಅವಳು ಹಲ್ಲು ಕಿರಿದು, "ಓ, ತಾತ ಮಾತಾಡ್ತಾರೆ" ಎಂದು ಮತ್ತೆ ಸೊಸೆಯನ್ನೇ ಕೇಳಿದಳು, "ಗಾಡಿ ಓಡಿಸಿ ಅಭ್ಯಾಸ ಇದ್ಯಾ ಇವ್ರಿಗೆ?" ಸೊಸೆ ನನ್ನ ಮರ್ಯಾದೆ ಉಳಿಸುವ ಉತ್ಸಾಹದಲ್ಲಿ, "ಮೂವತ್ತಾರು ವರ್ಷ ರೈಲು ಓಡಿಸಿದ್ದಾರೆ ನಮ್ಮ ಮಾವ" ಎಂದಳು. "ಹಾಗಾದ್ರೆ ಹೇಳಿಕೊಡೋದೇ ಬೇಡ ಬಿಡಿ" ಎಂದು ಆ ಹುಡುಗಿ ಕೀಲಿಕೈ ಕೊಟ್ಟು ಕಳಿಸಿಬಿಟ್ಟಳು. ಅಲ್ಲೇ ಕೆಟ್ಟಿದ್ದು. ನನಗೆ ಸೈಕಲ್ ತುಳಿಯುವುದಕ್ಕೂ ಬರುವುದಿಲ್ಲ ಎಂದು ಈ ಲೋಕದಲ್ಲಿ ಗೊತ್ತಿರುವವಳು ನೀನೊಬ್ಬಳೇ.

ಗಾಡಿಯ ಬಗ್ಗೆ ನ್ಯಾಯವಾಗಿ ಹೇಳುತ್ತೇನೆ, ಕೆಟ್ಟ ಗಾಡಿಯೇನಲ್ಲ. ಕೆಂಪು ಬಣ್ಣ, ಮುಂದೆ ಒಂದು ಬುಟ್ಟಿ, ಹಿಡಿಯ ಹತ್ತಿರ ವೇಗದ ಗುಂಡಿ. ಗುಂಡಿಯ ಒಂದು ಕಡೆ ಆಮೆಯ ಚಿತ್ರ, ಇನ್ನೊಂದು ಕಡೆ ಮೊಲದ ಚಿತ್ರ, ಅಂಕಿ ಓದಲು ಬಾರದವರಿಗಾಗಿ ಮಾಡಿದ ಹಾಗೆ. ಲಿವರ್ ಒತ್ತಿದರೆ ಮುಂದಕ್ಕೆ, ಕೈಬಿಟ್ಟರೆ ತಾನೇ ನಿಲ್ಲುತ್ತದೆ. ಡ್ರೈವರಿಗೆ ಏನಾದರೂ ಆದರೆ ಗಾಡಿ ನಿಲ್ಲಬೇಕು ಎಂಬ ಬುದ್ಧಿ ಯಾರಿಗೋ ಇತ್ತಲ್ಲ ಎಂದು ಮೆಚ್ಚಿಕೊಂಡೆ. ಹತ್ತುವ ಮೊದಲು ಸುತ್ತ ಒಂದು ಬಾರಿ ನೋಡಿದೆ, ಎಡಗಡೆಯ ಹಿಂದಿನ ಟೈರಿನಲ್ಲಿ ಗಾಳಿ ಕಮ್ಮಿ. ಕೌಂಟರಿನ ಹುಡುಗಿಗೆ ಹೇಳಿದರೆ, "ಏನೂ ಆಗಲ್ಲ, ಎಲ್ರೂ ಹೀಗೇ ತಗೊಂಡು ಹೋಗ್ತಾರೆ" ಎಂದಳು. ಗಾಳಿ ತುಂಬದೆ ಗಾಡಿ ತೆಗೆಯುವುದಿಲ್ಲ ಎಂದು ಕೌಂಟರಿಗೆ ಅಡ್ಡ ನಿಂತೆ. ಹಿಂದೆ ಸಾಲು ಬೆಳೆಯಿತು. ಯಾರೋ ಗೊಣಗಿದರು. ಕೊನೆಗೆ ಅವಳೇ ಪಂಪ್ ತಂದಳು. ಗೆದ್ದೆ ಎಂದುಕೊಂಡು ಕೂತೆ.

ಕೂತವನು ಕೂತೇ ಇದ್ದೆ. ಯಾಕೆಂದು ನಿನಗಾದರೆ ಅರ್ಥವಾಗುತ್ತದೆ. ಹಿಂದಿನಿಂದ ಗಾರ್ಡ್ ಬಾವುಟ ತೋರಿಸದೆ ನಾನು ಜೀವಮಾನದಲ್ಲಿ ಒಂದು ಗಾಡಿಯನ್ನೂ ತೆಗೆದಿಲ್ಲ, ಕೈ ಲಿವರಿನ ಮೇಲಿದ್ದರೂ ಬೆರಳು ಒತ್ತಲು ಒಪ್ಪುವುದಿಲ್ಲ. ಸೊಸೆಗೆ ಗಾಬರಿ, "ಮಾವ, ಏನಾಯ್ತು, ತಲೆ ಸುತ್ತುತ್ತಾ?" ಪಿಟೀಲಿಗೆ ಮಾತ್ರ ತಕ್ಷಣ ತಿಳಿಯಿತು. ಅವಳು ಹಿಂದಕ್ಕೆ ಓಡಿ ತನ್ನ ಹಸಿರು ಟೋಪಿ ತೆಗೆದು ಬೀಸಿದಳು. ಹೊರಟೆ. ನೇರ ದಾರಿ, ಹದವಾದ ವೇಗ, ಚೆನ್ನಾಗಿಯೇ ಹೋಗುತ್ತಿದ್ದೆ. ಕಾರಂಜಿಯ ಹತ್ತಿರ ದಾರಿ ಎಡಕ್ಕೆ ತಿರುಗಿತು. ನಾನು ನಿಯಮದಂತೆ ವೇಗ ಇಳಿಸಿದೆ, ಹಾರ್ನ್ ಹೊಡೆದೆ, ಆಮೇಲೆ ಸುಮ್ಮನೆ ಕೂತೆ. ಮೂವತ್ತಾರು ವರ್ಷ ತಿರುವಿನಲ್ಲಿ ನಾನು ಮಾಡಿದ್ದು ಅಷ್ಟೇ, ಮಿಕ್ಕಿದ್ದನ್ನು ಹಳಿ ನೋಡಿಕೊಳ್ಳುತ್ತಿತ್ತು. ಇಲ್ಲಿ ಹಳಿ ಇಲ್ಲ ಎಂಬುದು ನೆನಪಾಗುವ ಹೊತ್ತಿಗೆ ನಾನು, ಗಾಡಿ, ಬುಟ್ಟಿಯಲ್ಲಿದ್ದ ತಿಂಡಿಯ ಡಬ್ಬಿ, ಎಲ್ಲವೂ ಹೂವಿನ ಬೇಲಿಯ ಒಳಗಿದ್ದೆವು.

ಪೆಟ್ಟೇನೂ ಆಗಲಿಲ್ಲ, ಹೆದರಬೇಡ. ಆದರೆ ಸುತ್ತ ಸೇರಿದ ಜನ! ಒಬ್ಬ ಗಟ್ಟಿ ಆಳು ಕೇಳದೆ ಗೀಳದೆ ನನ್ನ ಕಂಕುಳಿಗೆ ಕೈಹಾಕಿ ಮೂಟೆಯ ಹಾಗೆ ಎತ್ತಿದ. ಇನ್ನೊಬ್ಬಳು ನನ್ನ ಕೆನ್ನೆ ತಟ್ಟಿ "ಭಯ ಆಯ್ತಾ?" ಎಂದಳು. ಕೆನ್ನೆ ತಟ್ಟಿದಳು ಕಣೇ! ಮತ್ತೊಬ್ಬ ಸೊಸೆಗೆ, "ವಯಸ್ಸಾದೋರನ್ನ ಇಂಥ ಕಡೆ ಯಾಕಮ್ಮ ಕರ್ಕೊಂಡು ಬರ್ತೀರಿ" ಎಂದು ಬುದ್ಧಿ ಹೇಳಿದ. ಒಬ್ಬರಾದರೂ ನನ್ನನ್ನು ಕೇಳಲಿಲ್ಲ. ಎರಡು ಕಾಲಿನ ಮೇಲೆ ನಿಂತವನಿಗೆ ಒಂದು ಮರ್ಯಾದೆ, ಕೂತವನಿಗೆ ಇನ್ನೊಂದು. ಕೂತ ತಕ್ಷಣ ಮನುಷ್ಯನ ಕಿವಿ, ನಾಲಿಗೆ, ಬುದ್ಧಿ ಎಲ್ಲವೂ ಹೋಗಿಬಿಡುತ್ತವೆ ಎಂದು ಈ ಜನಕ್ಕೆ ಯಾರು ಹೇಳಿಕೊಟ್ಟರೋ. ಈ ಗಲಾಟೆಯ ನಡುವೆ ಸೊಸೆ ಫೋನ್ ಎತ್ತಿದಳು. "ಎಲೆಯೆಲ್ಲ ತಲೆಗೆ ಅಂಟಿಕೊಂಡ ಈ ಅವತಾರದ ಫೋಟೊ ತೆಗೆದು ನಿನ್ನ ಅತ್ತೆಗೆ ಕಳ್ಸಿದ್ರೆ ಈ ಜನ್ಮದಲ್ಲಿ ನಿನ್ನ ಮುಖ ನೋಡಲ್ಲ" ಎಂದು ಅವಳನ್ನು ಗದರಿದೆ. ಅವಳು ಆಗಲೇ ತೆಗೆದಾಗಿತ್ತು.

ಜನ ಚದುರಿದ ಮೇಲೆ ಸೊಸೆ ನೀರು ತರಲು ಹೋದಳು. ಆಗ ಪಿಟೀಲಿಗೆ ಗುಟ್ಟು ಬಿಟ್ಟುಕೊಟ್ಟೆ, ತಾತನಿಗೆ ತಿರುಗಿಸೋದಕ್ಕೆ ಬರಲ್ಲ ಎಂದು. ಅವಳು ನಗಲಿಲ್ಲ. ಐಸ್‌ಕ್ರೀಮ್ ಅಂಗಡಿಯ ಹಿಂದೆ, ಖಾಲಿ ಡಬ್ಬಗಳನ್ನು ಪೇರಿಸಿದ್ದ ಜಾಗದಲ್ಲಿ ನನಗೆ ಪಾಠ ಶುರುಮಾಡಿದಳು. "ಎಲ್ಲಿಗೆ ಹೋಗ್ಬೇಕೋ ಅಲ್ಲಿಗೆ ನೋಡು ತಾತ, ಚಕ್ರ ನೋಡ್ಬೇಡ." ಅರ್ಧ ಗಂಟೆಯಲ್ಲಿ ಎಡ, ಬಲ ಎರಡೂ ಬಂತು. ಹಿಂದಕ್ಕೆ ತೆಗೆದರೆ ಗಾಡಿ ಕುಂಯ್ ಕುಂಯ್ ಎನ್ನುತ್ತದೆ, ಅದೂ ಬಂತು. ಮೂರು ಡಬ್ಬ ಉರುಳಿದವು, ಅದನ್ನು ಲೆಕ್ಕಕ್ಕೆ ಹಿಡಿಯಬೇಡ. ಆಮೇಲೆ ನಾವಿಬ್ಬರೂ ಆ ಪಾರ್ಕನ್ನೆಲ್ಲ ಸುತ್ತಿದೆವು. ಅವಳು ಪಕ್ಕದಲ್ಲಿ ನಡೆಯುತ್ತ, ಎಂಜಿನ್ನಿನಲ್ಲಿ ಸಿಗ್ನಲ್ ಕೂಗಿ ಹೇಳುತ್ತಿದ್ದ ನನ್ನ ಸಹಾಯಕನ ಹಾಗೆ "ಮುಂದೆ ಖಾಲಿ", "ಎಡಕ್ಕೆ ಮಗು" ಎಂದು ಕೂಗುತ್ತಿದ್ದಳು, ನಾನು ಅದನ್ನೇ ತಿರುಗಿ ಕೂಗುತ್ತಿದ್ದೆ. ಮಂಡಿಯ ನೆನಪೇ ಇರಲಿಲ್ಲ. ಹತ್ತು ಆಟ ಆಡಿದಳು, ಹತ್ತಕ್ಕೂ ನಾನು ಹತ್ತಿರದಲ್ಲೇ ಇದ್ದೆ. ನನಗೆ ಖುಷಿಯಾಯಿತು ಎಂದು ಸೊಸೆಯ ಹತ್ತಿರ ಮಾತ್ರ ಬಾಯಿ ಬಿಡಬೇಡ, ತಲೆಯ ಮೇಲೆ ಕೂರುತ್ತಾಳೆ. ಒಂದೊಂದು ಆಟಕ್ಕೂ ನನ್ನ ಗಾಡಿಗೆ ಬೇರೆ ಗೇಟು, ಅದು ಹಿಂಭಾಗದಲ್ಲಿ, ಕಸದ ತೊಟ್ಟಿಗಳ ಪಕ್ಕದಲ್ಲಿ. ಅದಕ್ಕೂ ಒಂದು ದೂರು ಬರೆದುಕೊಟ್ಟು ಬಂದಿದ್ದೇನೆ.

ಮಧ್ಯಾಹ್ನ ತಿಂಡಿ ತಿನ್ನುವಾಗ ಪಿಟೀಲು ಗಾಡಿಯ ಸೀಟನ್ನು ತಟ್ಟುತ್ತ ಒಂದು ಮಾತು ಹೇಳಿದಳು. ಹೇಳಿದವಳು ಕೂಡಲೇ ನಾಲಿಗೆ ಕಚ್ಚಿಕೊಂಡಳು. ಆ ಮಾತು ಏನೆಂದು ಕೊನೆಯಲ್ಲಿ ಬರೆಯುತ್ತೇನೆ, ಮೊದಲು ಆಟದ ರೈಲಿನ ವಿಷಯ ಮುಗಿಯಲಿ.

ಹೌದು, ಆ ಪಾರ್ಕಿನಲ್ಲಿ ಒಂದು ಪುಟ್ಟ ರೈಲು ಇದೆ. ನಾಲ್ಕು ಡಬ್ಬಿ, ಕೆರೆಯನ್ನು ಒಂದು ಸುತ್ತು ಹಾಕುತ್ತದೆ. ನನ್ನ ಜೊತೆ ಅದರಲ್ಲಿ ಕೂರಬೇಕೆಂಬುದೇ ಪಿಟೀಲಿನ ವರ್ಷದ ಆಸೆ. ಸ್ಕೂಟರ್ ಬಿಟ್ಟು ಎರಡು ಮೆಟ್ಟಿಲು ಹತ್ತಬೇಕು. ಟಿಕೆಟ್ ನೋಡುವವನು ಎಂದಿನಂತೆ ಸೊಸೆಯನ್ನು ಕೇಳಿದ, "ಇವ್ರು ಹತ್ತುತ್ತಾರಾ?" ನಾನೇ ಹತ್ತಿ ತೋರಿಸಿದೆ, ಕಂಬಿ ಹಿಡಿದು, ಹಲ್ಲು ಕಚ್ಚಿ. ಕೊನೆಯ ಡಬ್ಬಿಯಲ್ಲಿ ಕೂತು ತಿರುಗಿ ನೋಡುತ್ತೇನೆ, ಪಿಟೀಲಿನ ಒಂದು ಕಾಲು ಒಳಗೆ, ಇನ್ನೊಂದು ಇನ್ನೂ ಪ್ಲಾಟ್‌ಫಾರ್ಮಿನ ಮೇಲೆ, ರೈಲು ಹೊರಟೇಬಿಟ್ಟಿತು! ಆ ಡ್ರೈವರು ನಡುವಯಸ್ಸಿನ ಮನುಷ್ಯ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಹಿಂದೆ ತಿರುಗಿಯೂ ನೋಡಿರಲಿಲ್ಲ. ಮಗುವಿನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡೆ. ಆಮೇಲೆ ಕೂಗಿದೆ ನೋಡು, "ನಿಲ್ಸೋ ಗಾಡಿ!" ಎಂಜಿನ್ನಿನ ಸದ್ದಿನ ಮೇಲೆ ಕೂಗಿ ಪಳಗಿದ ಗಂಟಲು ಅದು. ಗಾಡಿ ನಿಂತಿತು. ಪಕ್ಕದ ಜೋಕಾಲಿಯೂ ನಿಂತಿತು. ಆ ಕೂಗಿನಲ್ಲಿ ಅರ್ಧ ಆ ಡ್ರೈವರಿಗೆ ಸೇರಿದ್ದು, ಇನ್ನರ್ಧ ಯಾರಿಗೆಂದು ಆಮೇಲೆ ಹೇಳುತ್ತೇನೆ. ಅವನು ಇಳಿದು ಬಂದು ನನ್ನ ಎದುರು ನಿಂತಾಗ ಮನಸ್ಸು ತಣಿಯುವಷ್ಟು ಬೈದೆ. ಹಿಂದಿನ ಡಬ್ಬಿಯಲ್ಲಿ ಯಾರಿದ್ದಾರೆಂದು ನೋಡದೆ ಮುಂದಕ್ಕೆ ಹೋಗುವವನು ಡ್ರೈವರೇ ಅಲ್ಲ ಎಂದೆ. ಅವನು ಕ್ಷಮೆ ಕೇಳಲಿಲ್ಲ, ಗಂಟು ಮುಖ ಮಾಡಿಕೊಂಡು ಹೋದ. ಆದರೆ ಇಯರ್‌ಫೋನ್ ಜೇಬಿಗೆ ಹೋಯಿತು. ಎರಡನೇ ಸುತ್ತಿಗೆ ಹೊರಡುವ ಮೊದಲು ಅವನು ಕತ್ತು ಹೊರಗೆ ಹಾಕಿ, ಕೊನೆಯ ಡಬ್ಬಿಯವರೆಗೆ ನೋಡಿ, ನನಗಾಗಿ ಕಾದ. ನಾನು ಪಿಟೀಲಿನ ಹಸಿರು ಟೋಪಿ ಬೀಸಿದೆ. ಆಗಲೇ ಹೊರಟ. ನಿವೃತ್ತಿಯಾಗಿ ಒಂಬತ್ತು ವರ್ಷವಾಯಿತು, ಅವತ್ತು ನನಗೆ ಎಷ್ಟು ಸಂತೋಷವಾಯಿತೆಂದು ನಿನಗೆ ಮಾತ್ರ ಹೇಳಬಲ್ಲೆ.

ಗಾಡಿ ವಾಪಸು ಕೊಡುವಾಗ ಕೌಂಟರಿನ ಹುಡುಗಿ ಸೊಸೆಯ ಕಡೆ ಕತ್ತು ಎತ್ತುವಷ್ಟರಲ್ಲಿ ಪಿಟೀಲು ನಡುವೆ ನುಗ್ಗಿ, "ತಾತನ್ನೇ ಕೇಳಿ, ಗಾಡಿ ಓಡ್ಸಿದ್ದು ತಾತ" ಎಂದಳು. ಕೇಳಿದಳು. ಬ್ರೇಕ್ ಚೆನ್ನಾಗಿದೆ, ಹಾರ್ನ್ ಸಾಲದು, ಫಾರಮ್ಮಿನಲ್ಲಿ ರೋಗಿ ಎಂಬ ಪದ ತೆಗೆಯಿರಿ ಎಂದು ಹೇಳಿ ಬಂದೆ. ತೆಗೆಯುತ್ತಾರೋ ಬಿಡುತ್ತಾರೋ.

ಇಲ್ಲಿ ಮಿಕ್ಕಿದ್ದೆಲ್ಲ ಸರಿಯಾಗಿದೆ. ನಿನ್ನ ಕುಂಡದ ಗಿಡಗಳಿಗೆ ದಿನವೂ ನೀರು ಬೀಳುತ್ತಿದೆ, ಒಂದು ಮಾತ್ರ ಒಣಗಿತು, ಅದು ಹೋದದ್ದೇ ಒಳ್ಳೆಯದಾಯಿತು, ನನಗೆ ಮೊದಲಿನಿಂದಲೂ ಅದನ್ನು ಕಂಡರೆ ಆಗುತ್ತಿರಲಿಲ್ಲ. ಮಗಳಿಗೆ ನನ್ನ ಆಶೀರ್ವಾದ, ಅಳಿಯಂದಿರಿಗೆ ನಮಸ್ಕಾರ. ಅವರಿಬ್ಬರ ಮೇಲೂ ನನಗೆ ಕೋಪವಿದೆ ಎಂದು ತಿಳಿಸು, ಕಾರಣ ಅವರಿಗೆ ಗೊತ್ತು.

ನಿನ್ನ,
ಇವರು

ಮರೆತಿದ್ದೆ: ಮರೆತಿರಲಿಲ್ಲ, ಬರೆಯಲು ಧೈರ್ಯ ಸಾಲದೆ ಇಷ್ಟು ಪುಟ ತಳ್ಳಿದೆ. ಕೊರಿಯರಿನವನು ಹನ್ನೆರಡೂವರೆಗೆ ಬಾಗಿಲು ಹಾಕುತ್ತಾನೆ, ಬೇಗ ಬೇಗ ಬರೆಯುತ್ತೇನೆ. ಪಿಟೀಲು ಹೇಳಿದ ಮಾತು ಇದು: "ಅಜ್ಜಿ ಕುರ್ಚಿಗಿಂತ ನಿನ್ನ ಗಾಡಿನೇ ಚೆನ್ನಾಗಿದೆ ತಾತ, ಅಜ್ಜಿದನ್ನ ಅತ್ತೆ ದೂಡ್ಬೇಕು." ಮನೆಗೆ ಬಂದು ಸೊಸೆಯನ್ನು ಕೂರಿಸಿಕೊಂಡು ಬಾಯಿ ಬಿಡಿಸಿದೆ. ಮಗಳ ಮನೆಗೆ ಹೋದ ಎರಡನೇ ವಾರವೇ ನೀನು ಬಚ್ಚಲಿನಲ್ಲಿ ಜಾರಿ ಬಿದ್ದದ್ದು, ಸೊಂಟದ ಮೂಳೆ ಮುರಿದದ್ದು, ಆಪರೇಷನ್, ಹನ್ನೊಂದು ದಿನ ಆಸ್ಪತ್ರೆ, ಎಲ್ಲವನ್ನೂ ಹೇಳಿದಳು. "ಅವರಿಗೆ ಹೇಳಬೇಡಿ" ಎಂದು ಆಣೆ ಹಾಕಿಸಿಕೊಂಡೆಯಂತೆ. ಪಾಪ, ಅವಳೇ ಅತ್ತುಬಿಟ್ಟಳು. ನನ್ನ ತಲೆಯ ಮೇಲಿಂದ ಮಾತಾಡಿದವಳು ಆ ಕೌಂಟರಿನ ಹುಡುಗಿಯೊಬ್ಬಳೇ ಎಂದುಕೊಂಡಿದ್ದೆನಲ್ಲ. ನೀನು ಹನ್ನೊಂದು ದಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ ನಾನಿಲ್ಲಿ ಮಧ್ಯಾಹ್ನ ನಿದ್ದೆ ಮಾಡುತ್ತಿದ್ದೆ. ಆಟದ ರೈಲಿನಲ್ಲಿ ಕೂಗಿದ ಕೂಗಿನ ಇನ್ನರ್ಧ ನಿಮಗೆಲ್ಲ ಸೇರಿದ್ದು. ಇದನ್ನು ನಾನು ಕ್ಷಮಿಸುವುದಿಲ್ಲ, ಎದುರಿಗೆ ಕೂತು ಜಗಳವಾಡುತ್ತೇನೆ. ಆದರೆ ಶನಿವಾರದಿಂದ ಒಂದು ವಿಷಯ ತಲೆಯಲ್ಲಿ ಸುತ್ತುತ್ತಿದೆ. ಕುರ್ಚಿಯಲ್ಲಿ ಕೂತಿರುವ ನಿನ್ನನ್ನು ನಾನು ನೋಡಬಾರದೆಂದು ನೀನು ಫ್ಯಾನು ತೋರಿಸಿದೆ, ಕುರ್ಚಿಯಲ್ಲಿ ಕೂತ ನನ್ನನ್ನು ಊರು ನೋಡಬಾರದೆಂದು ನಾನು ಬರಲೇ ಇಲ್ಲ. ನಮ್ಮಿಬ್ಬರಲ್ಲಿ ಯಾರು ಹೆಚ್ಚು ಪೆದ್ದರೋ ನೀನೇ ಹೇಳು. ಮೊದಲು ನೀನೇ ನನ್ನನ್ನು ನೋಡಿಬಿಡು, ಬೇಲಿಯೊಳಗಿನ ಆ ಫೋಟೊವನ್ನು ಬೀದಿ ಕೊನೆಯ ಸ್ಟುಡಿಯೊದಲ್ಲಿ ಪ್ರಿಂಟ್ ಹಾಕಿಸಿ ಇದರಲ್ಲಿ ಇಟ್ಟಿದ್ದೇನೆ. ಗುರುವಾರ ಬೆಳಿಗ್ಗೆ ಆರು ಇಪ್ಪತ್ತರ ಗಾಡಿಗೆ ಹೊರಡುತ್ತಿದ್ದೇನೆ. ಸ್ಟೇಷನ್ನಿಗೆ ನಾನೇ ಫೋನ್ ಮಾಡಿ ನನ್ನ ಹೆಸರು ಹೇಳಿ ಗಾಲಿಕುರ್ಚಿ ಬೇಕೆಂದು ಬರೆಸಿದ್ದೇನೆ. ನೋಡುವವರು ನೋಡಲಿ. ಈ ಕಾಗದ ಬುಧವಾರ ಸಂಜೆ ನಿನ್ನ ಕೈಸೇರುತ್ತದೆ, ಬೇಡ ಎನ್ನಲು ನಿನಗೆ ಹೊತ್ತು ಸಿಗಬಾರದೆಂದೇ ಹಾಗೆ ಲೆಕ್ಕ ಹಾಕಿದ್ದೇನೆ. ಮಗಳ ಮನೆಯ ಹತ್ತಿರವೂ ಒಂದು ದೊಡ್ಡ ಪಾರ್ಕ್ ಇದೆಯಂತೆ, ಅಲ್ಲಿಯೂ ಈ ಸ್ಕೂಟರುಗಳು ಬಾಡಿಗೆಗೆ ಸಿಗುತ್ತವಂತೆ. ಎರಡು ಹೇಳಿಸಿಡು. ನಿನಗೆ ತಿರುಗಿಸುವುದನ್ನು ನಾನು ಹೇಳಿಕೊಡುತ್ತೇನೆ.